ದಾಖಲಾದರೆ ಮಾತ್ರ ನಡೆಯುವ ಕಾರ್ಡ್

ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡ್ ನಮ್ಮ ಮನೆಯಲ್ಲೂ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಣ್ಣ ಮಾತಲ್ಲ. ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇದೇ ಕಾರ್ಡಿನಿಂದ ಬದುಕಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ನನ್ನ ತಮ್ಮನಿಗೆ ಇದರಿಂದ ಬಿಡಿಗಾಸಿನ ಉಪಯೋಗವಾಗಿಲ್ಲ. ಅವನಿಗೆ ಬೈಪೋಲಾರ್ ಕಾಯಿಲೆ, ಮನಸ್ಸು ವಿಪರೀತ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಮನೋರೋಗ. ಲಿಥಿಯಂ ಮಾತ್ರೆ ನುಂಗುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಸಂಜೆ ಮನೆಗೆ ಬರುತ್ತಾನೆ. ಚಿಕಿತ್ಸೆ ಫಲಿಸಿದೆ ಎನ್ನುವುದಕ್ಕೆ ಇನ್ನೇನು ಬೇಕು? ಫಲಿಸಿರುವುದರಿಂದಲೇ ಅವನು ಹೊರರೋಗಿ; ಹೊರರೋಗಿಯಾದ್ದರಿಂದ, ಆಸ್ಪತ್ರೆಗೆ ದಾಖಲಾದವರಿಗೆ ಮಾತ್ರ ಹಣ ಕೊಡುವ ಈ ಯೋಜನೆಗೂ ಹೊರಗಿನವನು.

ಲಿಥಿಯಂ ಬರೆದುಕೊಟ್ಟು ಮರೆತುಬಿಡುವ ಔಷಧವಲ್ಲ. ರಕ್ತದಲ್ಲಿ ಅದರ ಮಟ್ಟ ಏರಿದರೆ ಔಷಧವೇ ವಿಷವಾಗುತ್ತದೆ. ಥೈರಾಯ್ಡ್, ಮೂತ್ರಪಿಂಡಗಳನ್ನೂ ಕಾಲಕಾಲಕ್ಕೆ ಪರೀಕ್ಷಿಸುತ್ತಿರಬೇಕು. ಸ್ಕಿಜೋಫ್ರೇನಿಯಾ ಎಂಬ ಮನೋರೋಗಕ್ಕೆ ಕ್ಲೋಜಪಿನ್ ಮಾತ್ರೆ ತೆಗೆದುಕೊಳ್ಳುವವರು ಬಿಳಿ ರಕ್ತಕಣಗಳ ಎಣಿಕೆ ಮಾಡಿಸುತ್ತಲೇ ಇರಬೇಕು. ವೈದ್ಯರ ಶುಲ್ಕ, ಮಾತ್ರೆ, ಪರೀಕ್ಷೆ, ಆಪ್ತಸಮಾಲೋಚನೆ ಎಲ್ಲವೂ ಕೈಯಿಂದಲೇ. ಜೊತೆಗೆ ಬರುವವರ ಒಂದು ದಿನದ ಕೂಲಿಯೂ ಹೋಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ದುಡ್ಡಿಲ್ಲದ ತಿಂಗಳು ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ, ಆಸ್ಪತ್ರೆಗೆ ದಾಖಲಿಸಬೇಕಾಗುತ್ತದೆ. ಆಗ ಕಾರ್ಡ್ ನಡೆಯುತ್ತದೆ! ಆಯುಷ್ಮಾನ್ ಭಾರತದ ನಿಯಮದಂತೆ ಬಿಡುಗಡೆಯ ನಂತರದ 15 ದಿನಗಳ ಔಷಧಕ್ಕೂ ಹಣ ಸಿಗುತ್ತದೆ. ಹದಿನಾರನೆಯ ದಿನದಿಂದ ಮತ್ತೆ ನಮ್ಮ ಪಾಡು ನಮಗೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಕಲಮು, ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಎನ್ನುತ್ತದೆ. ನಿಮ್ಮ ಅಧಿಕಾರಿಗಳ ಉತ್ತರವನ್ನು ನಾನೇ ಊಹಿಸಬಲ್ಲೆ: ಜ್ವರ, ಸಕ್ಕರೆ ಕಾಯಿಲೆಯ ಹೊರರೋಗಿಗಳಿಗೂ ಹಣ ಕೊಡುತ್ತಿಲ್ಲವಲ್ಲ, ಎಲ್ಲರೂ ಸಮಾನರೇ. ಕಾಗದದ ಮೇಲೆ ಸರಿ. ಆದರೆ ಮನೋರೋಗ ಚಿಕಿತ್ಸೆಯ ಬಹುಪಾಲು ನಡೆಯುವುದೇ ಹೊರರೋಗಿ ವಿಭಾಗದಲ್ಲಿ. ಅಲ್ಲಿಗೆ ವಿಮೆ ಇಲ್ಲವೆಂದರೆ ಈ ಕಾಯಿಲೆಗಳಿಗೆ ವಿಮೆಯೇ ಇಲ್ಲವೆಂದಂತೆ. ಅಷ್ಟಕ್ಕೂ ಆಸ್ಪತ್ರೆಯಲ್ಲಿ ರಾತ್ರಿ ತಂಗಲೇಬೇಕೆಂಬ ನಿಯಮವನ್ನು ಡಯಾಲಿಸಿಸ್‌ಗೆ, ಕಿಮೊಥೆರಪಿಗೆ ನೀವೇ ಸಡಿಲಿಸಿದ್ದೀರಿ, ಸರಿಯಾಗಿಯೇ ಸಡಿಲಿಸಿದ್ದೀರಿ. ಕಾರ್ಮಿಕರ ವಿಮಾ ಯೋಜನೆಯಾದ ಇಎಸ್‌ಐನಲ್ಲಂತೂ ಹೊರರೋಗಿ ಚಿಕಿತ್ಸೆ ಮೊದಲಿನಿಂದಲೂ ಸೇರಿದೆ.

ಕೇಂದ್ರದ ಯೋಜನೆ, ನಮ್ಮ ಕೈಯಲ್ಲಿಲ್ಲ ಎನ್ನುವಂತೆಯೂ ಇಲ್ಲ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ, ಅಂದರೆ ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರದ, ಶೇ 30ರಷ್ಟನ್ನು ಕೊಡುವ ನಿರ್ಧಾರ ಕರ್ನಾಟಕದ್ದೇ ಅಲ್ಲವೇ? ಮನೋರೋಗಿಗಳಿಗೆ ಊರಿನ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕಳಿಸುವ ಏರ್ಪಾಟೂ ಒಳ್ಳೆಯದೇ. ಆದರೆ ಅಂದು ಬರೆದುಕೊಟ್ಟ ಮಾತ್ರೆ ಅಲ್ಲಿ ಸಿಗದಿದ್ದರೆ, ಪರೀಕ್ಷೆ ಅಲ್ಲಿ ಆಗದಿದ್ದರೆ, ಮುಂದಿನ ದಾರಿ ಖಾಸಗಿ ಔಷಧ ಅಂಗಡಿ ಮತ್ತು ಲ್ಯಾಬ್‌ಗೇ.

ನಾನು ಕೇಳುತ್ತಿರುವುದು ಇಷ್ಟು. ಈ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಪ್ಯಾಕೇಜ್ ಪಟ್ಟಿಯಲ್ಲಿ ದೀರ್ಘಕಾಲದ ಮಾನಸಿಕ ಕಾಯಿಲೆಗಳಿಗೆ ವಾರ್ಷಿಕ ಹೊರರೋಗಿ ಪ್ಯಾಕೇಜ್ ಒಂದನ್ನು ಸೇರಿಸಿ. ಅದರಲ್ಲಿ ಮನೋವೈದ್ಯರ ಭೇಟಿ, ಔಷಧ, ರಕ್ತಪರೀಕ್ಷೆ, ಆಪ್ತಸಮಾಲೋಚನೆ ನಾಲ್ಕೂ ಇರಲಿ. ಒಮ್ಮೆಲೇ ಎಲ್ಲ ಕಡೆ ಆಗದಿದ್ದರೆ ಕೆಲವು ಜಿಲ್ಲೆಗಳಲ್ಲಿ ಶುರುಮಾಡಿ, ಬಳ್ಳಾರಿಯೇ ಮೊದಲಾಗಲಿ. ಬಜೆಟ್‌ಗೆ ಮುನ್ನ ಟ್ರಸ್ಟ್‌ನಿಂದ ಖರ್ಚಿನ ಅಂದಾಜು ತರಿಸಿ, ಅದನ್ನು ಸಾರ್ವಜನಿಕರ ಮುಂದಿಡಿ. ಆಗುವುದಿಲ್ಲ ಎನ್ನುವುದಾದರೆ ಕಾರಣವನ್ನಾದರೂ ಲಿಖಿತವಾಗಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹೊರರೋಗಿಯ ಅಕ್ಕ