ಹಳೆಯ ಸೆಲ್ಲು ಮತ್ತು ಬಳಸಿ ಬಿಸಾಡುವ ವೇಪ್: ಪೋಷಕರಿಗೆ ಪತ್ರ

ವಿಜಯಪುರ

ಮಾನ್ಯ ಪೋಷಕರೇ,

ನಮಸ್ಕಾರ. ಬರುವ ಶನಿವಾರದಿಂದ ಶಾಲೆಯ ಕಚೇರಿ ಎದುರು ಹಳೆಯ ಬ್ಯಾಟರಿಗಳಿಗೆಂದು ಮುಚ್ಚಳದ ಡಬ್ಬಿಯೊಂದನ್ನು ಇಡುತ್ತಿದ್ದೇವೆ. ಅದಕ್ಕೆ ಏನು ಹಾಕಬಹುದು ಎನ್ನುವುದಕ್ಕಿಂತ ಏನು ಹಾಕಲೇಬಾರದು ಎನ್ನುವುದು ಮುಖ್ಯ. ಅದರಲ್ಲೂ ಪೆನ್‌ಡ್ರೈವ್, ಹೈಲೈಟರ್ ಪೆನ್ನಿನ ಹಾಗೆ ಕಾಣುವ ಬಿಸಾಡುವ ವೇಪ್‌ಗಳ ವಿಷಯ ನಿಮಗೆ ಸರಿಯಾಗಿ ಗೊತ್ತಿರಬೇಕು.

ವೇಪ್ ಎಂದರೆ ಇ-ಸಿಗರೇಟು. 2019ರ ಕಾಯ್ದೆಯಂತೆ ನಮ್ಮ ದೇಶದಲ್ಲಿ ಇದರ ತಯಾರಿಕೆ, ಆಮದು, ಸಾಗಾಟ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ನಿಷಿದ್ಧ. ಮಾರಿದವರಿಗೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಕಳ್ಳದಾರಿಯಲ್ಲಿ ಬಂದ ವಸ್ತುವಿಗೆ ಹೊಣೆ ಹೊರುವ ತಯಾರಕ ಎಲ್ಲಿದ್ದಾನೆ? ಹಾಗಾಗಿ ಮುಗಿದ ವೇಪ್ ಬಂದು ಬೀಳುವುದು ನಮ್ಮ ಓಣಿಯ ಕಸಕ್ಕೆ, ಚರಂಡಿಗೆ, ತಿಪ್ಪೆಗೆ.

ಅದರ ಒಳಗೆ ಇರುವುದು ಇಷ್ಟು: ನಿಕೋಟಿನ್ ದ್ರವ ಹೀರಿಕೊಂಡ ಹತ್ತಿಯಂಥ ತುಂಬು, ಅದನ್ನು ಕಾಯಿಸುವ ಸುರುಳಿ ತಂತಿ, ಉಸಿರೆಳೆದಾಗ ತಾನೇ ಆನ್ ಆಗುವ ಪುಟ್ಟ ಸ್ವಿಚ್ಚು, ಮತ್ತು 3.7 ವೋಲ್ಟಿನ ಒಂದು ಲಿಥಿಯಂ ಅಯಾನ್ ಸೆಲ್ಲು. ಸಾಮಾನ್ಯವಾಗಿ ಮೊದಲು ಮುಗಿಯುವುದು ದ್ರವ. ಹೊಗೆ ನಿಂತಿತೆಂದು ಎಸೆದಾಗಲೂ ಸೆಲ್ಲಿನಲ್ಲಿ ಚಾರ್ಜ್ ಉಳಿದಿರುತ್ತದೆ. ಸೆಲ್ಲಿನ ಪ್ಲಸ್ ಮತ್ತು ಮೈನಸ್ ಪದರಗಳ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಕಸದ ಗಾಡಿಯಲ್ಲಿ ಒತ್ತಡಕ್ಕೆ ಸಿಕ್ಕಿ ಆ ಹಾಳೆ ಹರಿದರೆ ಒಳಗೇ ಶಾರ್ಟ್ ಆಗುತ್ತದೆ, ಕ್ಷಣದಲ್ಲಿ ಬಿಸಿಯೇರಿ ಬೆಂಕಿ ಉಗುಳುತ್ತದೆ. ಸುತ್ತ ಇರುವುದು ರಟ್ಟು, ಪ್ಲಾಸ್ಟಿಕ್. ಗಾಡಿಯ ಮೇಲೆ ನಿಂತು ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರ ಮುಖದ ಮುಂದೆಯೇ ಇದು ಆಗಬಹುದು.

ಬೆಳಗ್ಗೆ ಮನೆ ಮುಂದೆ ಕಸ ಗುಡಿಸಿ ಬೆಂಕಿ ಹಚ್ಚುವ ರೂಢಿ ನಮ್ಮಲ್ಲಿನ್ನೂ ಇದೆ. ಆ ಗುಡ್ಡೆಯಲ್ಲಿ ಯಾವ ಸೆಲ್ಲೂ ಇರಕೂಡದು. ಲಿಥಿಯಂ ಸೆಲ್ಲು ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಇರುತ್ತದೆ. ಕಣ್ಣು, ಶ್ವಾಸಕೋಶಗಳನ್ನು ಸುಡುತ್ತದೆ. ಸಿಡಿದ ಸೆಲ್ಲು ದೂರಕ್ಕೆ ಹಾರುವುದೂ ಉಂಟು. ಹಳ್ಳಿಯಿಂದ ಬರುವ ಮಕ್ಕಳ ಪೋಷಕರು ಇದನ್ನು ಇನ್ನಷ್ಟು ಗಮನಿಸಬೇಕು: ಬೇಸಿಗೆಯಲ್ಲಿ ಜೋಳದ ಕಣಿಕೆಯ ಬಣವೆಗೆ ಒಂದು ಕಿಡಿ ಸಾಕು. ತಿಪ್ಪೆಗೆ ಎಸೆದ ಸೆಲ್ಲು ಗೊಬ್ಬರದೊಂದಿಗೆ ಹೊಲ ಸೇರುತ್ತದೆ.

ಎಂಟರಿಂದ ಹತ್ತನೆಯ ತರಗತಿಯ ಹುಡುಗರಿಗೆ ಇನ್ನೊಂದು ಆಸೆ: ವೇಪ್ ಒಡೆದು ಸೆಲ್ಲು ತೆಗೆದು ವಿಜ್ಞಾನ ಮಾದರಿಗೆ ಹಾಕುವುದು. ಆ ಸೆಲ್ಲನ್ನು ನೂರಾರು ಸಲ ಚಾರ್ಜ್ ಮಾಡಬಹುದು ಎನ್ನುವುದು ನಿಜವೇ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ರಕ್ಷಣಾ ಸರ್ಕ್ಯೂಟ್ ಇರುವುದಿಲ್ಲ. 4.2 ವೋಲ್ಟ್ ದಾಟಬಾರದ ಸೆಲ್ಲಿಗೆ ಮೊಬೈಲ್ ಚಾರ್ಜರಿನ 5 ವೋಲ್ಟನ್ನು ನೇರವಾಗಿ ಕೊಟ್ಟರೆ ಅದು ಉಬ್ಬಿ ಹೊತ್ತಿಕೊಳ್ಳುತ್ತದೆ. ಒಡೆಯುವಾಗ ನಿಕೋಟಿನ್ ದ್ರವ ಕೈಗೆ ಅಂಟಿದರೆ ಚರ್ಮದ ಮೂಲಕವೂ ಮೈಸೇರುತ್ತದೆ. ಮಾದರಿಗೆ ಬೇಕಾದ ಸೆಲ್ಲನ್ನು ಶಾಲೆಯ ಪ್ರಯೋಗಾಲಯವೇ ಕೊಡುತ್ತದೆ.

ಮನೆಯಲ್ಲಿ ವೇಪ್ ಸಿಕ್ಕರೆ ಮಗುವನ್ನು ಹೊಡೆಯಬೇಡಿ. ಹೊಡೆತಕ್ಕೆ ಹೆದರಿದ ಮಗು ಇನ್ನೊಂದನ್ನು ಹಾಸಿಗೆಯ ಕೆಳಗೋ ಬೈಕಿನ ಡಿಕ್ಕಿಯಲ್ಲೋ ಬಚ್ಚಿಡುತ್ತದೆ. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವ ನಮ್ಮೂರಲ್ಲಿ ಡಿಕ್ಕಿಯೊಳಗಿನ ಬಿಸಿ ಎಷ್ಟಿರಬಹುದು, ಊಹಿಸಿ. ವೇಪ್ ಒಡೆಯಬೇಡಿ, ನೀರಿಗೆ ಹಾಕಬೇಡಿ. ತಗಡಿನ ಡಬ್ಬಿಯಲ್ಲಿ ನಾಲ್ಕು ಬೆರಳು ಒಣ ಮರಳು ಹಾಕಿ, ವೇಪ್ ಇಟ್ಟು, ಮೇಲೆ ಅಷ್ಟೇ ಮರಳು ಮುಚ್ಚಿ. ಮುಚ್ಚಳವನ್ನು ಬಿಗಿಯಾಗಿ ಒತ್ತಬೇಡಿ, ಅನಿಲ ಹೊರಹೋಗಲು ದಾರಿ ಬೇಕು. ಡಬ್ಬಿ ನೆರಳಿನಲ್ಲಿ, ಅಡುಗೆಮನೆಯ ಸಿಲಿಂಡರಿನಿಂದ ದೂರ, ಚಿಕ್ಕ ಮಕ್ಕಳ ಕೈಗೆಟುಕದ ಕಡೆ ಇರಲಿ. ಕೈ ಸೋಪು ಹಚ್ಚಿ ತೊಳೆದುಕೊಳ್ಳಿ. ಆಮೇಲೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಿ; ವಿಳಾಸವನ್ನು ನಗರದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ. ಗುಜರಿಗೆ ಕೊಟ್ಟರೆ ಅಲ್ಯೂಮಿನಿಯಂ ಕೊಳವೆಗಾಗಿ ಸುತ್ತಿಗೆಯಿಂದ ಜಜ್ಜುತ್ತಾರೆ. ಯಾರಾದರೂ ಮಕ್ಕಳಿಗೆ ಮಾರುತ್ತಿದ್ದರೆ ಠಾಣೆಯ ಸಬ್‌ಇನ್‌ಸ್ಪೆಕ್ಟರಿಗೆ ತಿಳಿಸಿ. ಈ ಕಾಯ್ದೆಯಡಿ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿದೆ.

ಸೆಲ್ಲು ಹಿಸ್ಸೆಂದು ಹೊಗೆ ಬಿಟ್ಟರೆ ಎಲ್ಲರೂ ಹೊರಗೆ ಬನ್ನಿ, 101 ಅಥವಾ 112ಕ್ಕೆ ಕರೆ ಮಾಡಿ. ಒಂದೇ ಸಣ್ಣ ಸೆಲ್ಲಾಗಿದ್ದು, ಕರೆಂಟಿಗೆ ಜೋಡಿಸಿರದಿದ್ದರೆ ದೂರದಿಂದ ಧಾರಾಳವಾಗಿ ನೀರು ಸುರಿಯಬಹುದು. ಆರಿದಂತೆ ಕಂಡದ್ದು ಮತ್ತೆ ಹೊತ್ತಿಕೊಳ್ಳುತ್ತದೆ, ಕೂಡಲೇ ಮುಟ್ಟಬೇಡಿ.

ಇನ್ನು ಶಾಲೆಯ ಡಬ್ಬಿ. ಗಡಿಯಾರ, ರಿಮೋಟು, ಟಾರ್ಚಿನ ಸೆಲ್ಲುಗಳು, ಮೈಕಿನ 9 ವೋಲ್ಟ್ ಬ್ಯಾಟರಿ, ಬಟನ್ ಸೆಲ್ಲುಗಳನ್ನು ತನ್ನಿ. 9 ವೋಲ್ಟಿನದಕ್ಕೆ ಎರಡೂ ತುದಿ ಒಂದೇ ಕಡೆ ಇರುವುದರಿಂದ ಕೀಲಿ, ನಾಣ್ಯ ತಾಗಿದರೂ ಸಾಕು, ಕಾಯುತ್ತದೆ. ತುದಿಗಳಿಗೆ ಕರೆಂಟ್ ಟೇಪು ಸುತ್ತಿ. ಬಟನ್ ಸೆಲ್ಲಿಗೆ ಎರಡೂ ಬದಿ ಟೇಪು ಬೇಕು. ಅದನ್ನು ನುಂಗಿದ ಮಗುವಿನ ಅನ್ನನಾಳ ಎರಡೇ ಗಂಟೆಯಲ್ಲಿ ಸುಡಬಹುದು. ವಾಂತಿ ಮಾಡಿಸದೆ ತಕ್ಷಣ ಆಸ್ಪತ್ರೆಗೆ ಓಡಿ.

ವೇಪ್, ಪವರ್ ಬ್ಯಾಂಕ್, ಉಬ್ಬಿದ ಮೊಬೈಲ್ ಬ್ಯಾಟರಿ ಈ ಡಬ್ಬಿಗೆ ಬೇಡ. ಯುಪಿಎಸ್, ಬೈಕಿನ ಬ್ಯಾಟರಿಗಳನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಮರಳಿಸಿ. ಸೆಲ್ಲುಗಳನ್ನು ಮಕ್ಕಳ ಚೀಲದಲ್ಲಿ ಕಳಿಸದೆ ನೀವೇ ತನ್ನಿ: ಪ್ರತಿ ಶನಿವಾರ, ಮುಂಜಾನೆಯ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ವಿಜ್ಞಾನ ಶಿಕ್ಷಕರು ಡಬ್ಬಿಯ ಬಳಿ ಇರುತ್ತಾರೆ. ಟೇಪು ಮರೆತಿದ್ದರೆ ಅವರಲ್ಲಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು