ಚಿತ್ರ ಬಿಡಿ, ಹೊಲಿಗೆ ನೋಡಿ

ಮಾನ್ಯ ಸಂಪಾದಕರೇ,

ಹಳೆಯ ಕಾಮಿಕ್ ಟೀ ಶರ್ಟುಗಳನ್ನು ಕೂಡಿಡುವ ಹುಚ್ಚು ಈಗ ಕಾರವಾರದ ಕಾಲೇಜು ಹುಡುಗರಿಗೂ ಹತ್ತಿದೆ. ಸಂತೋಷವೇ, ನನ್ನದಂತೂ ಹಳೆಯ ಕಾಯಿಲೆ. ಆದರೆ ಬೇಕೆಂದೇ ಮಾಸುವಂತೆ ಮಾಡಿದ ಹೊಸ ಬಟ್ಟೆಗೆ ಅವರು ಸಾವಿರಾರು ರೂಪಾಯಿ ಸುರಿಯುವುದನ್ನು ನೋಡಲಾಗದೆ ಬರೆಯುತ್ತಿದ್ದೇನೆ.

ಚಿತ್ರಕ್ಕೆ ಮರುಳಾಗದೆ ಅಂಚನ್ನು ಮಗುಚಿ ನೋಡಿ. 1990ರ ದಶಕದ ಮಧ್ಯಭಾಗದವರೆಗೆ ಅಮೆರಿಕದ ಬಹುತೇಕ ಟೀ ಶರ್ಟುಗಳ ತೋಳಿಗೂ ಕೆಳ ಅಂಚಿಗೂ ಒಂದೇ ಸಾಲಿನ ಹೊಲಿಗೆ ಇರುತ್ತಿತ್ತು; ಜೋಡಿ ಸಾಲು ಸಾಮಾನ್ಯವಾದದ್ದು ಆಮೇಲೆ. ಚಿತ್ರದಡಿಯ ಹಕ್ಕುಸ್ವಾಮ್ಯದ ಇಸವಿಯನ್ನೇ ನಂಬಿದರೆ ಕೆಟ್ಟಿರಿ. 1989 ಎಂದು ನಮೂದಿಸಿ ಬ್ಯಾಟ್‌ಮನ್ ಲಾಂಛನವನ್ನು ನಿನ್ನೆಯೂ ಅಚ್ಚು ಹಾಕಿರಬಹುದು. ಒಂಟಿ ಹೊಲಿಗೆಯನ್ನೂ ನಕಲು ಮಾಡುವ ಪ್ರಚಂಡರಿದ್ದಾರೆ, ಆದ್ದರಿಂದ ಕತ್ತಿನ ಒಳಗಿನ ಲೇಬಲ್ ಪಟ್ಟಿಯನ್ನೂ ಪರೀಕ್ಷಿಸಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ ಬೇಡವೇ ಬೇಡ, ಒಳಗೇ ಬೂಷ್ಟು ಹಿಡಿಯುತ್ತದೆ. ಅಚ್ಚು ಅಚ್ಚಿಗೆ ಅಂಟದಂತೆ ನಾನು ನಡುವೆ ತೆಳುವಾದ ಹತ್ತಿಬಟ್ಟೆ ಇಟ್ಟು ಮಡಿಸುತ್ತೇನೆ. (ರೇಷ್ಮೆ ಸೀರೆಗಳ ಕಪಾಟಿನಲ್ಲಿ ಜಾಗ ಕೇಳಿದ್ದಕ್ಕೆ ಮನೆಯಲ್ಲಿ ಆದ ಜಗಳ ಬೇರೆಯೇ ಕಥೆ.)

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನನಗೆ ಫ್ಯಾಂಟಮ್ ಚಿತ್ರವಿರುವ ಹಳೆಯ ಅಂಗಿ ಮಾತ್ರ ಇನ್ನೂ ಸಿಕ್ಕಿಲ್ಲ. ಅಂಕೋಲಾ, ಕುಮಟಾ ಕಡೆಯವರ ಟ್ರಂಕಿನಲ್ಲೇನಾದರೂ ಇದ್ದರೆ ದಯವಿಟ್ಟು ಅದರಿಂದ ನೆಲ ಒರೆಸಬೇಡಿ.

– ಒಬ್ಬ ಸಂಗ್ರಾಹಕ, ಬೈತಖೋಲ್, ಕಾರವಾರ