ಕಲ್ಲಿನೊಳಗಿದ್ದ ಕಿವಿಯ ಮೂಳೆ: ಮಗಳಿಗೊಂದು ಪತ್ರ

ಚಿಕ್ಕನಾಯಕನಹಳ್ಳಿ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಫೋನಿನಲ್ಲಿ ನೀನು ಕೇಳಿದ ಪ್ರಶ್ನೆಗೆ ಅವಸರದ ಉತ್ತರ ಕೊಡುವುದು ಸರಿಯೆನಿಸಲಿಲ್ಲ; ಅದಕ್ಕೇ ಈ ಪತ್ರ. ಪಳೆಯುಳಿಕೆಯೆಂದರೆ ಎಂದೋ ಸತ್ತ ಪ್ರಾಣಿಯ ಗುರುತು ಅಷ್ಟೇ, ಒಂದು ಜೀವಿಯಿಂದ ಇನ್ನೊಂದು ಬಂತೆಂದು ಅದು ಹೇಗೆ ಹೇಳೀತು, ಕಂಡವರು ಯಾರಿದ್ದಾರೆ ಎಂದು ನಿನ್ನ ಹಾಸ್ಟೆಲಿನ ಗೆಳತಿ ವಾದಿಸಿದಳೆಂದೆಯಲ್ಲ, ಅದು ತಳ್ಳಿಹಾಕುವ ಮಾತಲ್ಲ, ಕೂತು ಉತ್ತರಿಸಬೇಕಾದ ಮಾತು.

ಒಂದೇ ಒಂದು ಮೂಳೆಯನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದರೆ ಅವಳು ಹೇಳುವುದು ಬಹುಮಟ್ಟಿಗೆ ನಿಜ. ಆ ಮೂಳೆ ಯಾವ ಪದರದಲ್ಲಿ ಸಿಕ್ಕಿತು, ಅದರ ಕೆಳಗೇನಿತ್ತು, ಮೇಲೇನಿತ್ತು ಎಂಬುದು ಗೊತ್ತಾದಾಗಲೇ ಅದು ಸಾಕ್ಷಿ ನುಡಿಯಲು ತೊಡಗುವುದು. ನಮ್ಮ ಕೆರೆಯ ಹೂಳೆತ್ತಿದಾಗ ಕಡಿದ ಮಣ್ಣಿನ ಗೋಡೆಯಲ್ಲಿ ಕಪ್ಪು ಜೇಡಿ, ಅದರ ಕೆಳಗೆ ಮರಳು, ಮತ್ತೆ ಜೇಡಿ ಎಂದು ಪಟ್ಟೆಪಟ್ಟೆಯಾಗಿ ಕಾಣುತ್ತಿದ್ದುದನ್ನೂ ನಡುನಡುವೆ ಬಸವನಹುಳುವಿನ ಬಿಳಿ ಚಿಪ್ಪುಗಳು ಸಾಲಾಗಿ ಕಚ್ಚಿಕೊಂಡಿದ್ದನ್ನೂ ನೀನೇ ನೋಡಿದ್ದೀಯೆ. ಕೆಳಗಿನದು ಮೊದಲು ಕೂತ ಹೂಳು, ಮೇಲಿನದು ಆಮೇಲೆ ಬಂದದ್ದು. ಸಮುದ್ರದ ತಳದಲ್ಲಿಯೂ ನದಿಯ ಮುಖಗಳಲ್ಲಿಯೂ ಇದೇ ಕೆಲಸ ಕೋಟ್ಯಂತರ ವರ್ಷ ನಡೆದು, ಹೂಳು ಬಿಗಿದು ಕಲ್ಲಾಗುವಾಗ ಅದರೊಳಗೆ ಸಿಕ್ಕಿದ ಚಿಪ್ಪು, ಮೂಳೆಗಳಲ್ಲಿ ಖನಿಜ ತುಂಬಿಕೊಂಡು ಅವೂ ಕಲ್ಲಾಗುತ್ತವೆ. ಪದರಗಳ ನಡುವೆ ಜ್ವಾಲಾಮುಖಿಯ ಬೂದಿಯಿದ್ದರೆ, ಅದರ ಹರಳುಗಳಲ್ಲಿ ಯುರೇನಿಯಂ ಎಷ್ಟು ಪಾಲು ಸೀಸವಾಗಿದೆಯೆಂದು ಅಳೆದು ವಯಸ್ಸನ್ನೂ ಹೇಳಬಹುದು.

ನಮ್ಮ ತಾಲ್ಲೂಕಿನ ಬಂಡೆಗಳಲ್ಲಿ ಮೂಳೆ ಹುಡುಕಿ ಪ್ರಯೋಜನವಿಲ್ಲ. ಚಿತ್ರದುರ್ಗದ ಕಡೆಯಿಂದ ನಮ್ಮ ಜಿಲ್ಲೆಗೆ ಇಳಿದು ಬರುವ ಶಿಲಾಪಟ್ಟಿ 250 ಕೋಟಿ ವರ್ಷಕ್ಕೂ ಹಳೆಯದು; ಆ ಕಾಲಕ್ಕೆ ಮೂಳೆಯುಳ್ಳ ಜೀವಿ ಹುಟ್ಟಿಯೇ ಇರಲಿಲ್ಲ. ಆ ಪಟ್ಟಿಯ ಸುಣ್ಣಕಲ್ಲುಗಳಲ್ಲಿ ಸಿಕ್ಕಿರುವುದು ಸ್ಟ್ರೊಮಾಟೊಲೈಟ್, ಅಂದರೆ ಸೂಕ್ಷ್ಮಜೀವಿಗಳ ಲೋಳೆಹಾಸಿನ ಮೇಲೆ ಪದರ ಪದರವಾಗಿ ಕೂತು ಬೆಳೆದ ಕಲ್ಲಿನ ಗುಬ್ಬಟೆಗಳು. ಅಲ್ಲಿ ಆ ಕಲ್ಲಿನಷ್ಟೇ ಹಳೆಯದಾದ ಒಂದು ಹಸುವಿನ ಹಲ್ಲು ಸಿಕ್ಕಿದ್ದರೆ ವಿಕಾಸದ ಇಡೀ ಲೆಕ್ಕಾಚಾರ ತಲೆಕೆಳಗಾಗುತ್ತಿತ್ತು. ಅಂಥದ್ದು ಲೋಕದ ಯಾವ ಮೂಲೆಯಲ್ಲೂ ಸಿಕ್ಕಿಲ್ಲ. ತಪ್ಪೆಂದು ತೋರಿಸುವ ದಾರಿ ಇಷ್ಟು ತೆರೆದಿದ್ದರೂ ಪದರಗಳ ಈ ಕ್ರಮ ಮುರಿಯದಿರುವುದೇ, ನನ್ನ ಮಟ್ಟಿಗೆ, ಪಳೆಯುಳಿಕೆಗಳನ್ನು ನಂಬಲು ಮೊದಲ ಕಾರಣ.

ಇನ್ನು ಒಂದರಿಂದ ಇನ್ನೊಂದು ಬಂದ ವಿಚಾರ. ಇದಕ್ಕೆ ನಾನು ಯಾವಾಗಲೂ ತಿಮಿಂಗಿಲದ ಕಥೆಯನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರ ಮುಖ್ಯ ಅಧ್ಯಾಯಗಳು ನಮ್ಮ ಉಪಖಂಡದ ಮಣ್ಣಿನಲ್ಲೇ ಇವೆ. ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮುವಿನ ಕಾಲಾಕೋಟ್ ಪ್ರದೇಶದಲ್ಲಿ ಕೆಲವು ಹಲ್ಲು, ದವಡೆಯ ಚೂರುಗಳನ್ನು ಪತ್ತೆಹಚ್ಚಿ 1971ರಲ್ಲಿ ಆ ಪ್ರಾಣಿಗೆ ಇಂಡೋಹಾಯಸ್ ಎಂದು ಹೆಸರಿಟ್ಟರು. ಅವರು ಕೂಡಿಟ್ಟಿದ್ದ ಇನ್ನೂ ಒಡೆಯದ ಕಲ್ಲುಗಳನ್ನು, ಅವರು ತೀರಿಕೊಂಡ ಮೇಲೆ, ಅವರ ಪತ್ನಿ ಹಾನ್ಸ್ ಥೇವಿಸ್ಸನ್ ಎಂಬ ವಿಜ್ಞಾನಿಗೆ ಒಪ್ಪಿಸಿದರು. ಆ ಕಲ್ಲಿನಿಂದ ಬಿಡಿಸಿದ ತಲೆಬುರುಡೆಯೊಂದನ್ನು ಶುಚಿಗೊಳಿಸುವಾಗ ಕಿವಿಯ ಭಾಗ ಅಕಸ್ಮಾತ್ತಾಗಿ ಮುರಿಯಿತು. ಮುರಿದಲ್ಲಿ ನೋಡಿದರೆ, ನಡುಗಿವಿಯನ್ನು ಸುತ್ತುವ ಮೂಳೆಯ ಒಳಗೋಡೆ ಬಹಳ ದಪ್ಪ, ಹೊರಗೋಡೆ ತೆಳು. ಅಂಥ ರಚನೆ ಅಲ್ಲಿಯವರೆಗೆ ಕಂಡಿದ್ದುದು ತಿಮಿಂಗಿಲಗಳ ಬಳಗದಲ್ಲಿ ಮಾತ್ರ. ಸಣ್ಣ ಜಿಂಕೆಯಂತಿದ್ದ ಈ ಗೊರಸಿನ ಪ್ರಾಣಿಯ ಕಾಲಿನ ಮೂಳೆಗಳೂ ನೀರಿನಲ್ಲಿ ನಡೆದಾಡುವ ಪ್ರಾಣಿಗಳವುಗಳಂತೆ ದಟ್ಟವಾಗಿ, ತೂಕವಾಗಿದ್ದವು. 2007ರಲ್ಲಿ ಇದು ಪ್ರಕಟವಾಯಿತು. ಸುಮಾರು 4.8 ಕೋಟಿ ವರ್ಷ ಹಿಂದಿನ ಈ ಇಂಡೋಹಾಯಸ್ ತಿಮಿಂಗಿಲದ ನೇರ ಪೂರ್ವಜ ಎಂದು ವಿಜ್ಞಾನಿಗಳು ಹೇಳುವುದಿಲ್ಲ. ಅದಕ್ಕಿಂತ ಸ್ವಲ್ಪ ಹಳೆಯದಾದ, ನಾಲ್ಕು ಕಾಲಿನ ಆದಿ ತಿಮಿಂಗಿಲ ಪಾಕಿಸೀಟಸ್ ಆಗಲೇ ಇತ್ತು. ಇವೆರಡೂ ದಾಯಾದಿಗಳು. ಈ ಎಚ್ಚರವನ್ನು ಗೆಳತಿಗೆ ತಪ್ಪದೆ ತಿಳಿಸು, ಅನೇಕ ಗೊಂದಲಗಳು ಹುಟ್ಟುವುದು ಇಲ್ಲಿಯೇ.

ಪಾಕಿಸೀಟಸ್ ಆದ ಮೇಲೆ ಕಚ್ಛಿನ ಬಂಡೆಗಳಲ್ಲಿ ಕಾಲು ಗಿಡ್ಡವಾದ, ಕಡಲತೀರದ ನೀರಿಗೆ ಒಗ್ಗಿದ ತಿಮಿಂಗಿಲಗಳು ಸಿಗುತ್ತವೆ. ಇನ್ನೂ ಮೇಲಿನ ಪದರಗಳಲ್ಲಿ, ಈಜಿಪ್ಟಿನ ಮರುಭೂಮಿಯಲ್ಲಿ, ಸುಮಾರು 15 ಮೀಟರ್ ಉದ್ದದ ಬ್ಯಾಸಿಲೋಸಾರಸ್ ಎಂಬ ತಿಮಿಂಗಿಲ ಸಿಗುತ್ತದೆ. ಅದರ ಹಿಂಗಾಲು ಮೈಗೆ ಹೋಲಿಸಿದರೆ ಅತಿ ಚಿಕ್ಕದು, ಆದರೂ ಅದರಲ್ಲಿ ಮಂಡಿಯಿದೆ, ಬೆರಳುಗಳಿವೆ.

ತಿಮಿಂಗಿಲದ ಕಥೆಗೆ ಇನ್ನೊಂದು ಮೂಳೆಯ ಸಾಕ್ಷಿಯೂ ಇದೆ. ಕುರಿ ಮೇಕೆಗಳ ಹಿಂಗಾಲಿನ ಹರಡಿನಲ್ಲಿ ಒಂದು ಪುಟ್ಟ ಗಟ್ಟಿ ಮೂಳೆಯಿರುತ್ತದೆ. ಅದರ ಎರಡೂ ತುದಿಗಳಲ್ಲಿ ಬಾವಿಯ ರಾಟೆಗಿರುವಂಥ ತೋಡು ಇರುತ್ತದೆ. ಗೊರಸು ಸೀಳಿದ ಪ್ರಾಣಿಗಳ ಬಳಗದ ಗುರುತು ಅದು. ತಿಮಿಂಗಿಲಕ್ಕೆ ಹತ್ತಿರದ ಬಂಧು ಅದೇ ಬಳಗದ ನೀರುಕುದುರೆ ಎಂದು ಡಿಎನ್‌ಎ ಅಧ್ಯಯನಗಳು 1990ರ ದಶಕದಲ್ಲಿ ಹೇಳಿದಾಗ ಮೂಳೆಗಳನ್ನು ಓದುವ ಅನೇಕರು ಅದನ್ನು ಒಪ್ಪಿರಲಿಲ್ಲ. 2001ರಲ್ಲಿ ಪಾಕಿಸ್ತಾನದ ಪ್ರಾಚೀನ ತಿಮಿಂಗಿಲಗಳ ಹಿಂಗಾಲಿನಲ್ಲಿ ಅದೇ ಎರಡು ತೋಡಿನ ಮೂಳೆ ಸಿಕ್ಕಿತು. ಒಬ್ಬರು ಜೀವಕೋಶವನ್ನು ನೋಡಿ, ಇನ್ನೊಬ್ಬರು ಕಲ್ಲನ್ನು ಒಡೆದು, ಒಬ್ಬರನ್ನೊಬ್ಬರು ಕೇಳದೆ ಒಂದೇ ಬಳಗದ ಹೆಸರು ಹೇಳಿದರೆಂದಮೇಲೆ, ಕಣ್ಣಾರೆ ಕಂಡವರು ಇಲ್ಲವೆಂಬ ಆಕ್ಷೇಪಕ್ಕೆ ಹೆಚ್ಚು ಬಲ ಉಳಿಯುವುದಿಲ್ಲ.

ಮುಂಚಿತವಾಗಿ ಊಹಿಸಿ ಹುಡುಕಿದ್ದೂ ಉಂಟು. ಮೀನಿನ ವಂಶ ನೆಲಕ್ಕೆ ಹತ್ತಿದ ಕಾಲದ ನದೀತೀರದ ಕಲ್ಲು ಎಲ್ಲಿ ಬಯಲಾಗಿದೆಯೆಂದು ನಕ್ಷೆ ನೋಡಿಯೇ ವಿಜ್ಞಾನಿ ನೀಲ್ ಶೂಬಿನ್ ಮತ್ತು ಅವರ ಸಂಗಡಿಗರು ಕೆನಡಾದ ಉತ್ತರ ಧ್ರುವದ ಕಡೆಗೆ ಹೋದರು. 2004ರಲ್ಲಿ ಅಲ್ಲಿನ ಎಲ್ಸ್‌ಮಿಯರ್ ದ್ವೀಪದಲ್ಲಿ 37.5 ಕೋಟಿ ವರ್ಷ ಹಳೆಯ ಟಿಕ್ಟಾಲಿಕ್ ಸಿಕ್ಕಿತು: ಮೀನಿನಂತೆ ಹುರುಪೆ, ಈಜುರೆಕ್ಕೆ, ಆದರೆ ತಲೆ ತಿರುಗಿಸಬಲ್ಲ ಕತ್ತು, ರೆಕ್ಕೆಯೊಳಗೆ ಮಣಿಕಟ್ಟನ್ನು ಹೋಲುವ ಮೂಳೆಗಳು. ಆದರೆ 2010ರಲ್ಲಿ ಪೋಲೆಂಡಿನಲ್ಲಿ ಇದಕ್ಕಿಂತ ಸುಮಾರು 2 ಕೋಟಿ ವರ್ಷ ಹಳೆಯವೆನ್ನಲಾದ, ನಾಲ್ಕು ಕಾಲಿನ ಪ್ರಾಣಿಯ ಹೆಜ್ಜೆಗುರುತುಗಳು ವರದಿಯಾದವು. ಅದನ್ನು ಯಾರೂ ಮುಚ್ಚಿಡಲಿಲ್ಲ. ಟಿಕ್ಟಾಲಿಕ್ ಆ ಹಂತದ ಸ್ವರೂಪವನ್ನು ತೋರಿಸುತ್ತದೆಯೇ ಹೊರತು, ನೆಲಕ್ಕೆ ಬಂದ ಮೊದಲಿಗರ ಹೆತ್ತವರಾಗಿರಬೇಕಿಲ್ಲ ಎಂದು ಈಗ ಓದಿಕೊಳ್ಳುತ್ತಾರೆ. ಹೆಜ್ಜೆಗುರುತುಗಳ ಬಗ್ಗೆ ವಾದ ಮುಗಿದಿಲ್ಲ.

ಇಂತಿ,
ನಿನ್ನ ಅಪ್ಪ